200 ಯೂನಿಟ್ಟಿನ ಗೆರೆಯೊಳಗೆ ಸಂಸಾರ

ಕಳೆದ ನವೆಂಬರ್‌ನಲ್ಲಿ ನಮ್ಮ ಮನೆಗೆ 207 ಯೂನಿಟ್ಟಿನ ಕರೆಂಟ್ ಬಿಲ್ ಬಂತು. ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ 200ರ ಗೆರೆ ದಾಟಿದ್ದು ಏಳೇ ಯೂನಿಟ್, ಕಟ್ಟಿದ್ದು ಹತ್ತಿರ ಹತ್ತಿರ 1,800 ರೂಪಾಯಿ. "ಏಳಕ್ಕೆ ಇಷ್ಟೇನೇ?" ಅಂತ ಅತ್ತೆ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾನು ಶಿವಮೊಗ್ಗದ ಒಂದು ಸಹಕಾರ ಸಂಘದಲ್ಲಿ ದಿನವಿಡೀ ಬೇರೆಯವರ ಲೆಕ್ಕ ಬರೆಯೋಳು. ನಮ್ಮ ಮೀಟರ್ ಎಲ್ಲಿದೆ ಅಂತ ಕೇಳಿದ್ದರೆ "ಮೆಟ್ಟಿಲ ಕೆಳಗೆಲ್ಲೋ" ಅನ್ನುತ್ತಿದ್ದೆ. ಆ ತಿಂಗಳು ಕಲಿತಿದ್ದನ್ನು ಬರೆದಿಡ್ತಿದೀನಿ, ನಮ್ಮ ಹಾಗೆ ಗೆರೆಯ ಅಂಚಿನಲ್ಲಿ ಬದುಕೋ ಮನೆಗಳಿಗೆ ಬೇಕಾದೀತು.

ಮೊದಲು ನಿಮ್ಮ ಪಾಲು ಎಷ್ಟು ಅಂತ ತಿಳ್ಕೊಳ್ಳಿ. ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂದುಕೊಂಡವರು ಈಗಲೂ ಇದ್ದಾರೆ, ನಮ್ಮ ಮನೆಯವರೂ ಅವರಲ್ಲೊಬ್ಬರು. ಹಾಗಲ್ಲ. ನಮ್ಮಷ್ಟು ಉರಿಸೋ ಮನೆಗಳಿಗೆ, 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ರೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿದಷ್ಟು ನಿಮ್ಮ ಪಾಲು. ನಮ್ಮದು 142 ಇತ್ತು, ಹಾಗಾಗಿ 156. ಅದನ್ನು ದಾಟಿ 200ರ ಒಳಗಿದ್ದರೆ ಮಿಕ್ಕ ಯೂನಿಟ್ಟಿನ ದುಡ್ಡು ಕಟ್ಟಿದರಾಯ್ತು. 200 ದಾಟಿತೋ, ಮೊದಲನೇ ಯೂನಿಟ್ಟಿನಿಂದ ಪೂರ್ತಿ ಬಿಲ್ ನಿಮ್ಮದೇ. 2025-26ರ ದರದಂತೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಮೇಲೆ ಮನೆಗೆ ಮಂಜೂರಾದ ಲೋಡಿನ ಕಿಲೋವ್ಯಾಟಿಗೆ 145ರಂತೆ ನಿಗದಿತ ಶುಲ್ಕ, ತೆರಿಗೆ, ಇನ್ನೊಂದಿಷ್ಟು ಚಿಲ್ಲರೆ. ಏಳು ಯೂನಿಟ್ 1,800 ಆಗೋದು ಹೀಗೆ.

ನಮ್ಮ ಹಾಗೆ ಬಾಡಿಗೆ ಮನೆಯಲ್ಲಿರೋರಿಗೆ ಒಂದು ಮಾತು: ಮನೆ ಬದಲಾಯಿಸಿದಾಗ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಹಳೇ ಮನೆಯ ಖಾತೆಯಿಂದ ನಿಮ್ಮ ಆಧಾರ್ ಬಿಡಿಸಿಕೊಂಡು ಹೊಸ ಮನೆಗೆ ಜೋಡಿಸಿ. ಪೆಟ್ಟಿಗೆ ಬಿಚ್ಚೋ ಗಡಿಬಿಡಿಯಲ್ಲಿ ಮರೆಯೋದೇ ಇದು.

ಇನ್ನು ಮೀಟರ್. ಬಿಲ್ ಕೊಡೋ ಹುಡುಗ ಯಾವ ತಾರೀಕಿಗೆ ಬರ್ತಾನೆ ಅನ್ನೋದು ನೋಡಿಟ್ಟುಕೊಳ್ಳಿ, ನಿಮ್ಮ ತಿಂಗಳು ಶುರುವಾಗೋದು ಒಂದನೇ ತಾರೀಕಿಗಲ್ಲ, ಅವತ್ತು. ನಮಗೆ ಐದನೇ ತಾರೀಕು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕವೇ ವಾರಕ್ಕೊಮ್ಮೆ ರೀಡಿಂಗ್ ಬರೀತೀನಿ. ದಿನಕ್ಕೆ ಆರೂಕಾಲು ಯೂನಿಟ್ ಮೀರದಿದ್ದರೆ 200ರೊಳಗೆ ನಿಲ್ಲಬಹುದು. ಹತ್ತು ದಿನಕ್ಕೆ 70 ಆಗಿದ್ದರೆ ಆಗಲೇ ಎಚ್ಚರವಾಗಿ, ಇಪ್ಪತ್ತೆಂಟನೇ ದಿನ ಬಲ್ಬ್ ಆರಿಸಿಕೊಂಡು ಕತ್ತಲಲ್ಲಿ ಕೂತರೆ ಏನೂ ದಕ್ಕಲ್ಲ.

ಬಲ್ಬ್ ಅಂದೆನಲ್ಲ, ನಮ್ಮನೆ ಜಗಳವೆಲ್ಲ ಅದರದ್ದೇ. ಒಂಬತ್ತು ವ್ಯಾಟಿನ ಎಲ್‌ಇಡಿ ದಿನಕ್ಕೆ ಐದು ಗಂಟೆ ಉರಿದರೂ ಇಡೀ ತಿಂಗಳಿಗೆ ಒಂದೂವರೆ ಯೂನಿಟ್ಟಿಲ್ಲ. ಮಗ ಲೈಟ್ ಆರಿಸಲಿಲ್ಲ ಅಂತ ಅಪ್ಪ ಬೈದ ಬೈಗುಳಕ್ಕೆ ಅಷ್ಟು ಬೆಲೆಯೇ ಇಲ್ಲ! ಮಿಕ್ಸಿಗೆ ಕರೆಂಟ್ ಜಾಸ್ತಿ ಅಂತ ಅತ್ತೆ ಸ್ವಲ್ಪ ದಿನ ಚಟ್ನಿಯನ್ನು ಒರಳಲ್ಲಿ ರುಬ್ಬಿದರು. 750 ವ್ಯಾಟ್ ನಿಜ, ಆದರೆ ಓಡೋದು ಐದು ನಿಮಿಷ. ಚಟ್ನಿ ರುಚಿಯಾಗಿತ್ತು, ಅದು ಬೇರೆ ವಿಷಯ.

ಕರೆಂಟ್ ತಿನ್ನೋದು ಬಿಸಿ ಮಾಡೋ ಸಾಮಾನು. ನಮ್ಮ ಗೀಸರ್ 2,000 ವ್ಯಾಟ್, ಅರ್ಧ ಗಂಟೆಗೆ ಒಂದು ಯೂನಿಟ್. ಹದಿನೈದು ಲೀಟರ್ ಕಾಯೋಕೆ ಇಪ್ಪತ್ತು ನಿಮಿಷ ಸಾಕು. ನಾವೋ ಬೆಳಿಗ್ಗೆ ಐದೂವರೆಗೆ ಹಾಕಿದ್ದನ್ನು ಪಿಯುಸಿ ಮಗರಾಯ ಎದ್ದು ಬರೋ ಎಂಟರವರೆಗೂ ಹಾಗೇ ಬಿಡ್ತಿದ್ವಿ. ಈಗ ನಾಲ್ಕೂ ಜನ ಸಾಲಾಗಿ, ಒಬ್ಬರ ಹಿಂದೆ ಒಬ್ಬರು ಮುಗಿಸ್ತೀವಿ, ಕೊನೆಯವರು ಒಳಗೆ ಹೋಗುವಾಗಲೇ ಸ್ವಿಚ್ ಬಂದ್. ಇಸ್ತ್ರಿ ಪೆಟ್ಟಿಗೆಯೂ ಹಾಗೆ, ದಿನಕ್ಕೊಂದು ಅಂಗಿಗೆ ಕಾಯಿಸಬೇಡಿ, ಭಾನುವಾರ ವಾರದ್ದೆಲ್ಲ ಒಟ್ಟಿಗೆ ಮಾಡಿ. ಮನೆಯವರು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡೋದು. ಲ್ಯಾಪ್‌ಟಾಪಿನದು ದೊಡ್ಡ ಖರ್ಚಲ್ಲ, ತಲೆ ಮೇಲೆ ಹತ್ತು ಗಂಟೆ ತಿರುಗೋ 75 ವ್ಯಾಟಿನ ಹಳೇ ಫ್ಯಾನಿನದು ದಿನಕ್ಕೆ ಮುಕ್ಕಾಲು ಯೂನಿಟ್. ಅದೊಂದನ್ನು ಮಾತ್ರ ಬದಲಾಯಿಸಿ ಕಡಿಮೆ ಕರೆಂಟ್ ತಿನ್ನೋ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದ್ವಿ. ಎಲ್ಲಾ ಫ್ಯಾನೂ ಬದಲಾಯಿಸೋ ಶ್ರೀಮಂತಿಕೆ ನಮಗಿಲ್ಲ, ಬೇಕಾಗಿಯೂ ಇಲ್ಲ.

ಇಷ್ಟಾದರೂ ಲೆಕ್ಕ ತಾಳೆಯಾಗಲಿಲ್ಲ. ತಿಂಗಳಿಗೆ ಇಪ್ಪತ್ತು ಯೂನಿಟ್ ಎಲ್ಲೋ ಸೋರುತ್ತಿತ್ತು. ಆಗ ಉಪಯೋಗಕ್ಕೆ ಬಂದಿದ್ದು ಮೀಟರಿನಲ್ಲಿ ಮಿಣುಕೋ ಸಣ್ಣ ಕೆಂಪು ದೀಪ. ಮೀಟರಿನ ಮುಖದ ಮೇಲೆ 3200 ಅಂತ ಅಚ್ಚಾಗಿದ್ದರೆ, ದೀಪ 3,200 ಸಲ ಮಿಣುಕಿದಾಗ ಒಂದು ಯೂನಿಟ್ ಆಯ್ತು ಅಂತ ಅರ್ಥ. ಒಂದು ನಿಮಿಷ ಎಣಿಸಿ, ಬಂದ ಸಂಖ್ಯೆಯನ್ನು 19ರಿಂದ ಗುಣಿಸಿ, ಸುಮಾರಾಗಿ ಅಷ್ಟು ವ್ಯಾಟ್ ಆ ಹೊತ್ತಿನಲ್ಲಿ ಓಡ್ತಿದೆ. ಮೀಟರಿನ ಮೇಲೆ 1600 ಅಂತಿದ್ದರೆ ಗುಣಿಸೋದು 38ರಿಂದ. ಒಂದೊಂದೇ ಸಾಮಾನು ಹಾಕಿ ಎಣಿಸಿದರೆ ಯಾರು ಎಷ್ಟು ತಿಂತಾರೆ ಅನ್ನೋದು ಅಲ್ಲೇ ಗೊತ್ತಾಗುತ್ತೆ. ಟಿವಿ ಆರಿಸಿದರೂ ಸೆಟ್‌ಟಾಪ್ ಬಾಕ್ಸ್ ಎಚ್ಚರವಾಗೇ ಇರುತ್ತೆ ಅಂತ ನನಗೆ ತಿಳಿದಿದ್ದು ಹಾಗೇ.

ಕೊನೆಗೆ ಮನೆಯೊಳಗಿನ ಮೇನ್ ಸ್ವಿಚ್ ಆರಿಸಿ ಕೆಳಗೆ ಹೋಗಿ ನಿಂತೆ. ದೀಪ ಅಲ್ಲಾಡದೆ ನಿಲ್ಲಬೇಕಿತ್ತು, ಬಿಡದೆ ಮಿಣುಕ್ತಿತ್ತು. ಅಷ್ಟರಲ್ಲಿ ಹಿತ್ತಲಿನಲ್ಲಿ ಸಂಪಿನ ಮೋಟರ್ ಸದ್ದು ನಿಂತಿತು, ದೀಪವೂ ನಿಂತಿತು. ನಮ್ಮದೂ ಸೇರಿ ಎರಡು ಮನೆಗೆ ನೀರೇರಿಸೋ ಒಂದು ಎಚ್‌ಪಿ ಮೋಟರಿಗೆ ನಮ್ಮ ಮೀಟರಿನಿಂದ ವೈರ್ ಎಳೆದಿದ್ದರು. ಇಂಥದ್ದು ಸಿಕ್ಕರೆ ತಕ್ಷಣ ಜಗಳಕ್ಕೆ ಹೋಗಬೇಡಿ. ಮೊದಲು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಆಮೇಲೆ ಮಾಲೀಕರಿಗೇ ಮೇನ್ ಆರಿಸಿ ತೋರಿಸಿ. ವೈರಿಗೆ ನೀವು ಕೈ ಹಾಕಬೇಡಿ, ಅದು ಎಲೆಕ್ಟ್ರಿಷಿಯನ್ ಕೆಲಸ. ಮೀಟರೇ ಕೆಟ್ಟಿದೆ ಅನ್ನಿಸಿದರೆ ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ತಗೊಳ್ಳಿ. ನಮ್ಮ ಮಾಲೀಕರು "ಅಯ್ಯೋ, ಗೊತ್ತೇ ಇರಲಿಲ್ಲ ಕಣಮ್ಮ" ಅಂದರು. ನಂಬಿದೆನೋ ಇಲ್ಲವೋ, ವೈರ್ ಅಂತೂ ಬದಲಾಯ್ತು.

ಆಫೀಸಿನಲ್ಲಿ ಚಹಾದ ಹೊತ್ತಿಗೆ ಬಿಟ್ಟಿ ಭಾಗ್ಯದ ಚರ್ಚೆ ಇದ್ದದ್ದೇ. ಬಿಟ್ಟಿ ಅಂತ ಬೈಯೋರೂ ಐದನೇ ತಾರೀಕಿಗೆ ಬಿಲ್ ಸೊನ್ನೆ ಬಂತಾ ಅಂತ ನೋಡ್ತಾರೆ. ನಾನು ಈ ಮಾತನ್ನು ಮನೆಯಲ್ಲಿ ಎತ್ತಿದ ದಿನ ಅತ್ತೆ ಅಕ್ಕಿ ಆರಿಸ್ತಾ ಇದ್ದರು. ಅವರ ತವರು ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದು, 1964ರಲ್ಲಿ ಅಣೆಕಟ್ಟು ಆದಾಗ ಹತ್ತು ಹನ್ನೊಂದರ ಹುಡುಗಿ. "ಹೊಸ ಜಾಗದಲ್ಲಿ ಎಷ್ಟೋ ವರ್ಷ ನಮಗೆ ಬುಡ್ಡಿ ದೀಪವೇ ಕಣೆ" ಅಂದರು, ಮೊರದಿಂದ ಕಣ್ಣೆತ್ತದೆ. ಈಗ ಅದೇ ಶರಾವತಿ ಕಣಿವೆಯಲ್ಲಿ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯೋ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಜಗಳ ನಡೀತಿದೆ. ಅತ್ತೆ ಪೇಪರಿನಲ್ಲಿ ಆ ಸುದ್ದಿಯನ್ನು ಮಾತ್ರ ಕನ್ನಡಕ ಹಾಕ್ಕೊಂಡು ಎರಡು ಸಲ ಓದ್ತಾರೆ.

ಮೀಟರ್ ಎಣಿಸೋ ಕೆಲಸ ಈಗ ಅವರದೇ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದವರು ಮೆಟ್ಟಿಲ ಕೆಳಗೆ ಬಗ್ಗಿ ನೋಡಿ, ಮೇಲೆ ಬಂದು ನಂಬರ್ ಹೇಳ್ತಾರೆ. ಇವತ್ತು ತಾರೀಕು 27, ಈ ತಿಂಗಳಿನದು 141 ಆಗಿದೆ. ಇನ್ನು ಎಂಟೊಂಬತ್ತು ದಿನ ಇದೆ, ಹಿಡಿತದಲ್ಲಿಟ್ಟರೆ 195ಕ್ಕೆ ನಿಲ್ಲಿಸಬಹುದು. ಆದರೆ ನಾಳೆ ನಾದಿನಿ ಎರಡು ಮಕ್ಕಳನ್ನು ಕರ್ಕೊಂಡು ಬರ್ತಿದಾಳೆ, ಎಣ್ಣೆ ನೀರು ಹಾಕಬೇಕು ಅಂತ ಅತ್ತೆ ಈಗಿನಿಂದಲೇ ಎಣ್ಣೆ ಬಟ್ಟಲು ತೆಗೆದಿಟ್ಟಿದಾರೆ. ಮೀಟರ್ ವಿಷಯ ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ.