ನಾರ್ತ್ ಪಾಯಿಂಟ್‌ಗೆ ಮಗನನ್ನು ಸೇರಿಸಬೇಕಾ? ಮೊದಲು ಕ್ಯಾಲೆಂಡರ್ ನೋಡಿ

ಡಾರ್ಜಿಲಿಂಗಿನ ಸೇಂಟ್ ಜೋಸೆಫ್ಸ್ ಸ್ಕೂಲನ್ನು ಎಲ್ಲರೂ ನಾರ್ತ್ ಪಾಯಿಂಟ್ ಅಂತಲೇ ಕರೆಯುತ್ತಾರೆ. 1888ರಲ್ಲಿ ಜೆಸ್ವಿಟ್ ಪಾದ್ರಿಗಳು ಶುರು ಮಾಡಿದ ಗಂಡುಮಕ್ಕಳ ಸ್ಕೂಲು, ಹಾಸ್ಟೆಲ್ ಹುಡುಗರೂ ಇದ್ದಾರೆ, ದಿನಾ ಮನೆಯಿಂದ ಬಂದು ಹೋಗುವ ಡೇ ಸ್ಕಾಲರ್‌ಗಳೂ ಇದ್ದಾರೆ. ನೇಪಾಳದ ದೊರೆಯಾಗಿದ್ದ ಬೀರೇಂದ್ರ ಓದಿದ್ದು ಇಲ್ಲೇ. ಆ ಹೆಸರು ಕೇಳಿಯೇ ಎಷ್ಟೋ ಅಪ್ಪ ಅಮ್ಮಂದಿರು ಮರುಳಾಗುತ್ತಾರೆ, ಮಗನ ದಿನಚರಿಗೆ ಅದರಿಂದ ಏನೂ ಆಗಬೇಕಿಲ್ಲ.

ನಮ್ಮ ಕಡೆಯವರು ಎಡವುವುದು ಕ್ಯಾಲೆಂಡರಿನಲ್ಲಿ. ಕರ್ನಾಟಕದಲ್ಲಿ ಬೇಸಿಗೆ ರಜೆ ಮುಗಿದ ಮೇಲೆ ಹೊಸ ಕ್ಲಾಸು ಅಲ್ವಾ, ಬೆಟ್ಟದ ಸ್ಕೂಲುಗಳಲ್ಲಿ ದೊಡ್ಡ ರಜೆ ಬರುವುದು ಚಳಿಗಾಲದಲ್ಲಿ. ಅಲ್ಲಿನ ವರ್ಷ ಫೆಬ್ರವರಿ-ಮಾರ್ಚ್ ಹೊತ್ತಿಗೆ ಶುರುವಾಗಿ ನವೆಂಬರ್-ಡಿಸೆಂಬರ್‌ಗೆ ಮುಗಿಯುತ್ತದೆ. ಅಂದರೆ ನಿಮ್ಮ ಮಗ ಇಲ್ಲಿ ಪರೀಕ್ಷೆ ಬರೆಯುವ ಹೊತ್ತಿಗೆ ಅಲ್ಲಿ ಮುಂದಿನ ಕ್ಲಾಸಿನ ಪಾಠ ಶುರುವಾಗಿರುತ್ತದೆ. ಹಾಗಾಗಿ ಹಿಂದಿನ ವರ್ಷವೇ ಆಫೀಸಿಗೆ ಬರೆದು ಕೇಳಿ: ಅರ್ಜಿ ಯಾವಾಗ, ಪ್ರವೇಶ ಪರೀಕ್ಷೆ ಯಾವಾಗ, ಯಾವ ಕ್ಲಾಸಿನಲ್ಲಿ ಹಾಸ್ಟೆಲ್ ಸೀಟು ಖಾಲಿ ಇದೆ. ಇಲ್ಲಿನ ಸ್ಕೂಲಿನಿಂದ ಟಿಸಿ ಯಾವಾಗ ಸಿಗುತ್ತದೆ ಅನ್ನೋದನ್ನೂ ಆಗಲೇ ವಿಚಾರಿಸಿಬಿಡಿ.

ಇನ್ನೊಂದು ವಿಷಯ. ಅಲ್ಲಿರುವುದು ಐಸಿಎಸ್‌ಇ. ಆ ಬೋರ್ಡಿನಲ್ಲಿ ಒಂಬತ್ತನೇ ಕ್ಲಾಸಿಗೇ ಹೆಸರು ನೋಂದಣಿ ಆಗುತ್ತದೆ, ಹತ್ತಕ್ಕೆ ಸ್ಕೂಲು ಬದಲಿಸುವುದು ಸುಲಭವಿಲ್ಲ. ಸೇರಿಸುವುದಾದರೆ ಎಂಟರ ಒಳಗೆ ಸೇರಿಸಿ. ಎರಡನೇ ಭಾಷೆಯಾಗಿ ಕನ್ನಡ ಸಿಗುತ್ತದೆ ಅಂದುಕೊಳ್ಳಬೇಡಿ. ಸುತ್ತಲಿನ ಊರಿನ ಮಾತು ನೇಪಾಳಿ, ಹುಡುಗನಿಗೆ ಹಿಂದಿಯಾದರೂ ಓದಿ ಬರೆಯಲು ಬಂದರೆ ಅರ್ಧ ಕಷ್ಟ ತಪ್ಪುತ್ತದೆ.

ಡೇ ಸ್ಕಾಲರ್ ಮಾಡಿ ಹಣ ಉಳಿಸೋಣ ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಮನೆಯವರು ಯಾರಾದರೂ ಡಾರ್ಜಿಲಿಂಗಿನಲ್ಲೇ ಇದ್ದರೆ ಸರಿ. ಸುಮ್ನೆ ರೂಮು ಮಾಡಿ ಯಾರದೋ ಸುಪರ್ದಿಗೆ ಬಿಡುವುದಾದರೆ, ಹೊತ್ತಿಗೆ ಸರಿಯಾಗಿ ಆಟ, ಊಟ, ಓದು ಇರುವ ಹಾಸ್ಟೆಲ್ಲೇ ಎಷ್ಟೋ ಮೇಲು ಅನ್ನೋದು ನನ್ನ ಅಭಿಪ್ರಾಯ.

ಪ್ಯಾಕಿಂಗ್ ವಿಷಯಕ್ಕೆ ಬಂದರೆ, ಸ್ಕೂಲು ಕೊಡುವ ಪಟ್ಟಿಯ ಪ್ರಕಾರವೇ ತನ್ನಿ. ಊರು ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಎಲ್ಲರೂ ಸ್ವೆಟರಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾದ ಕಾಟ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಬಟ್ಟೆ ಒಣಗುವುದೇ ಇಲ್ಲ, ಮಡಿಕೇರಿ, ಆಗುಂಬೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುಚೀಲ, ಒಳಉಡುಪು ಜಾಸ್ತಿ ಇರಲಿ, ಒಂದೊಂದಕ್ಕೂ ಹೆಸರು ಹೊಲಿಸಿ, ಪೆನ್ನಿನಲ್ಲಿ ಬರೆದದ್ದು ಒಗೆತಕ್ಕೆ ನಿಲ್ಲುವುದಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟುವ ಮೊದಲು ತಿಂಡಿ ಒಳಗೆ ಬಿಡುತ್ತಾರಾ ಅಂತ ಕೇಳಿಕೊಳ್ಳಿ.

ಬೆಂಗಳೂರಿನಿಂದ ಬಾಗ್ಡೋಗ್ರಾಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ. ರೈಲಾದರೆ ನ್ಯೂ ಜಲ್ಪಾಯ್‌ಗುಡಿಯಲ್ಲಿ ಇಳಿಯಬೇಕು. ಪುಟಾಣಿ ರೈಲಿನ ಆಸೆ ಮಗನಿಗೆ ಇದ್ದೇ ಇರುತ್ತದೆ, ಆದರೆ ಅದು ಬೆಟ್ಟ ಹತ್ತಲು ಹೆಚ್ಚುಕಡಿಮೆ ಇಡೀ ಹಗಲು ತೆಗೆದುಕೊಳ್ಳುತ್ತದೆ. ಟ್ರಂಕು ಹೊತ್ತು ಸೇರಲು ಹೋಗುವ ದಿನ ಅದು ಬೇಡ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು, ಆಗ ನೋಡಲು ಹೋಗುವುದಾದರೆ ವಾಪಸ್ ಟಿಕೆಟ್‌ಗೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.