ಆತ್ಮರಕ್ಷಣೆಯ ಹಕ್ಕು: ಎಲ್ಲಿಯವರೆಗೆ ಕೈ ಎತ್ತಬಹುದು?

ನಡುರಾತ್ರಿ ಚಿಲಕ ಮುರಿಯುವ ಸದ್ದಿಗೆ ಎದ್ದು ಕೈಗೆ ಸಿಕ್ಕ ಕತ್ತಿ ಹಿಡಿದವರು ಕಲಂಗಳನ್ನು ನೆನಪಿಸಿಕೊಳ್ಳುತ್ತ ನಿಲ್ಲಲಾರರು. ಆದ್ದರಿಂದ ಈ ಹಕ್ಕಿನ ಗಡಿಯನ್ನು ಮೊದಲೇ ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ತನ್ನ ಹಾಗೂ ಇತರರ ದೇಹವನ್ನೂ ಆಸ್ತಿಯನ್ನೂ ಕಾಪಾಡುವ ಹಕ್ಕನ್ನು ಕೊಡುತ್ತವೆ. ಅದಕ್ಕೆ ಬೇಲಿ ಹಾಕುವುದು ಮುಖ್ಯವಾಗಿ 37ನೇ ಕಲಂ.

ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ನಾಳೆ ಹೊಡೆಯುತ್ತೇನೆಂದು ಬೆದರಿಸಿದವನ ಮೇಲೆ ಇಂದೇ ಕೈಮಾಡುವಂತಿಲ್ಲ, ದೂರು ಕೊಡಬೇಕು. ಆದರೆ ದೊಣ್ಣೆ ತಲೆಯ ಮೇಲೆ ಎದ್ದಿರುವಾಗ ಓಡಿಹೋಗಲೇಬೇಕೆಂದು ನಮ್ಮ ಕಾನೂನು ಹೇಳುವುದಿಲ್ಲ. ಏಟಿಗೆ ಏಟನ್ನು ತಕ್ಕಡಿಯಲ್ಲಿ ತೂಗಿ ಕೊಡಬೇಕೆಂದು ನ್ಯಾಯಾಲಯಗಳೂ ನಿರೀಕ್ಷಿಸುವುದಿಲ್ಲ. ಅಪಾಯವನ್ನು ತಡೆಯಲು ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾತ್ರ ಕೂಡದು.

ಸಾವು, ತೀವ್ರ ಗಾಯ, ಅತ್ಯಾಚಾರ, ಆಸಿಡ್ ದಾಳಿಯಂಥ ಕೃತ್ಯಗಳ ನ್ಯಾಯಯುತ ಭೀತಿಯಿದ್ದಾಗ ಎದುರಾಳಿಯ ಪ್ರಾಣ ಹೋದರೂ 38ನೇ ಕಲಂ ರಕ್ಷಿಸುತ್ತದೆ. ಆಸ್ತಿಯ ವಿಷಯದಲ್ಲಿ ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗಿನ ಕನ್ನಗಳವು ಮುಂತಾದವು 41ನೇ ಕಲಮಿನಲ್ಲಿವೆ. ತೋಟದ ಅಡಿಕೆಗೊನೆ ಕದಿಯುವವನನ್ನು ತಡೆಯಬಹುದು, ಗೊನೆ ಕಸಿದುಕೊಳ್ಳಬಹುದು. ಅವನಿಂದ ಪ್ರಾಣಕ್ಕೆ ಅಪಾಯವಾಗಲಿ ತೀವ್ರ ಗಾಯದ ಭೀತಿಯಾಗಲಿ ಇಲ್ಲದಿದ್ದರೆ ಕೊಲ್ಲುವಂತಿಲ್ಲ.

ಸಜ್ಜನರೂ ಎಡವುವುದು ಹಕ್ಕು ಮುಗಿಯುವ ಗಳಿಗೆಯಲ್ಲಿ. ಚಾಕು ಕೆಳಗೆ ಬಿದ್ದು, ಹಲ್ಲೆಕೋರ ಬೆನ್ನು ತಿರುಗಿಸಿ ಓಡತೊಡಗಿದ ಮೇಲೆ ಬೆನ್ನಟ್ಟಿ ಹಾಕುವ ಏಟು ರಕ್ಷಣೆಯಲ್ಲ, ಸೇಡು. ಹೋರಾಟದ ನಡುವೆಯೇ ಸದ್ಭಾವನೆಯಿಂದ, ಅಗತ್ಯಕ್ಕಿಂತ ಹೆಚ್ಚಿನ ಹಾನಿಯ ಉದ್ದೇಶವಿಲ್ಲದೆ ಮಿತಿ ಮೀರಿ ಕೊಂದರೆ ಅದು ಕೊಲೆಯಾಗುವುದಿಲ್ಲ, ಆದರೂ ದಂಡನೀಯ ನರಹತ್ಯೆಯಾಗುತ್ತದೆ.

ಬೇಲಿಗೆ ಕರೆಂಟು ಹರಿಸುವವರು ಗಮನಿಸಬೇಕು. ಬಿಹಾರದಲ್ಲಿ ತನ್ನ ಶೌಚಾಲಯಕ್ಕೆ ಬೇರೆಯವರು ಬಾರದಂತೆ ಒಬ್ಬ ಬರಿಯ ತಂತಿಗೆ ವಿದ್ಯುತ್ ಕೊಟ್ಟಿದ್ದ. ನೆರೆಯ ಹೆಂಗಸು ತಗುಲಿ ಸತ್ತಳು. ಅತಿಕ್ರಮಿಸಿದವರೂ ಕಾನೂನಿನ ರಕ್ಷಣೆಯಿಂದ ಹೊರಗಲ್ಲ ಎಂದ ಸುಪ್ರೀಂ ಕೋರ್ಟ್, ಆತ್ಮರಕ್ಷಣೆಯ ವಾದವನ್ನು ಒಪ್ಪಲಿಲ್ಲ.

ಘಟನೆ ನಡೆದ ಕೂಡಲೇ 112ಕ್ಕೆ ಕರೆಮಾಡಿ, ಎದುರಾಳಿಗೂ ಚಿಕಿತ್ಸೆ ಕೇಳಿ, ಸ್ಥಳದ ವಸ್ತುಗಳನ್ನು ಮುಟ್ಟಬೇಡಿ. ಆತ್ಮರಕ್ಷಣೆಯನ್ನು ತೋರಿಸುವ ಹೊಣೆ ಆರೋಪಿಯದೇ; ಸಂಶಯಾತೀತವಾಗಿ ಅಲ್ಲದಿದ್ದರೂ ಸಂಭವನೀಯವೆಂದು ಕಾಣುವಷ್ಟು ಸಾಕ್ಷ್ಯ ಬೇಕು. ಹಾಗಾಗಿ ನಿಮ್ಮ ಮುಂಗೈಯ ಸಣ್ಣ ಗೀರನ್ನೂ ಅಂದೇ ಸರ್ಕಾರಿ ವೈದ್ಯರಿಗೆ ತೋರಿಸಿ, ಗಾಯದ ಪ್ರಮಾಣಪತ್ರದಲ್ಲಿ ಬರೆಸಿ.