ತೆರಿಗೆ ಬೇಡಿಕೆಯನ್ನು ಸಂವಿಧಾನ ತಿದ್ದುಪಡಿಯ ಕರಡಾಗಿಸುವುದು ಹೇಗೆ?

ಬೆಂಗಳೂರಿನಲ್ಲಿ ತೆರಿಗೆ ಪಾಲಿನ ಮಾತಿಗೆ ಬರವಿಲ್ಲ. ‘ನನ್ನ ತೆರಿಗೆ ನನ್ನ ಹಕ್ಕು’ ಎಂದು 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತ್ತು. ಆದರೂ ಸಂಘಗಳು ಬರೆಯುವ ಮನವಿಗಳಲ್ಲಿ ಒಂದು ತಪ್ಪು ಮರುಕಳಿಸುತ್ತದೆ: ತಟ್ಟಬೇಕಾದ ಬಾಗಿಲು ಯಾವುದೆಂದು ನೋಡದೆ ಎಲ್ಲದಕ್ಕೂ ‘ಸಂವಿಧಾನ ತಿದ್ದಿ’ ಎನ್ನುವುದು.

ಹಾಗಾಗಿ ಮೊದಲು ಬೇಡಿಕೆಯನ್ನು ಜರಡಿ ಹಿಡಿಯಿರಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಬಂತಲ್ಲ, ಅಲ್ಲಿನ 40 ಲಕ್ಷ ರೂಪಾಯಿ ವಾರ್ಷಿಕ ವಹಿವಾಟಿನ ನೋಂದಣಿ ಮಿತಿ, ಕೇಂದ್ರ ಮತ್ತು ರಾಜ್ಯಗಳ ಸಚಿವರಿರುವ ಜಿಎಸ್‌ಟಿ ಮಂಡಳಿಯ ವ್ಯಾಪ್ತಿಯದು. ಪೆಟ್ರೋಲ್, ಡೀಸೆಲ್ ಕೂಡ ಅಷ್ಟೇ: ಸಂವಿಧಾನದ 279ಎ(5) ವಿಧಿಯ ಪ್ರಕಾರ ಯಾವ ದಿನದಿಂದ ಜಿಎಸ್‌ಟಿ ಎಂದು ಮಂಡಳಿ ಶಿಫಾರಸು ಮಾಡಿದರೆ ಸಾಕು, ತಿದ್ದುಪಡಿ ಬೇಡ. ಕುಡಿಯುವ ಮದ್ಯಕ್ಕೆ ಮಾತ್ರ ಬೇಕು, ಏಕೆಂದರೆ ಅದನ್ನು 366(12ಎ) ವಿಧಿಯೇ ಹೊರಗಿಟ್ಟಿದೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿದದ್ದು 15ನೇ ಹಣಕಾಸು ಆಯೋಗದ ಸೂತ್ರದಿಂದ; ಆ ವಾದವನ್ನು ಆಯೋಗದ ಮುಂದೆಯೇ ಹೂಡಬೇಕು.

ನಿಜವಾಗಿ ಸಂವಿಧಾನಕ್ಕೆ ಕಟ್ಟುಬಿದ್ದ ತೆರಿಗೆ ಹೇಗಿರುತ್ತದೆಂದು ನೋಡಲು ಸಂಬಳದ ಚೀಟಿ ತೆಗೆಯಿರಿ. ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಫೆಬ್ರವರಿಗೆ ಮಾತ್ರ 300. ಹನ್ನೊಂದು ಇನ್ನೂರು, ಒಂದು ಮುನ್ನೂರು: ವರ್ಷಕ್ಕೆ ಸರಿಯಾಗಿ 2,500. ಅದರ ಮೇಲೆ ಒಂದು ರೂಪಾಯಿಯನ್ನೂ ರಾಜ್ಯ ಹಾಕುವಂತಿಲ್ಲ, 276ನೇ ವಿಧಿ ಬಿಡುವುದಿಲ್ಲ. ಮೊದಲು 250 ಇದ್ದ ಮಿತಿ 2,500 ಆಗಲು 1988ರ 60ನೇ ತಿದ್ದುಪಡಿಯೇ ಬೇಕಾಯಿತು.

ಇನ್ನು ಕರಡು. ಸೆಸ್ (ನಿರ್ದಿಷ್ಟ ಉದ್ದೇಶಕ್ಕೆಂದು ಹಾಕುವ ತೆರಿಗೆ) ಮತ್ತು ಸರ್ಚಾರ್ಜ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ರಾಜ್ಯಗಳಿಗೂ ಹಂಚಿಕೆಯಾಗಬೇಕು ಎಂಬ ಬೇಡಿಕೆಯನ್ನೇ ಹಿಡಿಯೋಣ. ಇವೆರಡನ್ನೂ ಹಂಚಿಕೆಯಿಂದ ಹೊರಗಿಟ್ಟಿರುವುದು 270(1). ಅಲ್ಲಿನ ಪದಗಳನ್ನು ಕಿತ್ತುಹಾಕಿ ಕೈತೊಳೆದುಕೊಳ್ಳುವವರೇ ಹೆಚ್ಚು. ಆದರೆ ಸರ್ಚಾರ್ಜ್‌ನ ಪೂರ್ತಿ ಹಣ ಕೇಂದ್ರದ ಸಂಚಿತ ನಿಧಿಗೇ ಎಂದು 271ನೇ ವಿಧಿ ಪ್ರತ್ಯೇಕವಾಗಿ ಹೇಳುತ್ತದೆ. ಅದನ್ನು ಮುಟ್ಟದಿದ್ದರೆ ಎರಡು ವಿಧಿಗಳು ಒಂದಕ್ಕೊಂದು ತಿಕ್ಕಾಡುತ್ತವೆ. ಸೆಸ್ ಒಂದನ್ನೇ ಹಂಚಿಕೆಗೆ ತಂದರೂ ಕೇಂದ್ರ ಸರ್ಚಾರ್ಜ್ ಏರಿಸಿಕೊಂಡು ಸುಮ್ಮನಾಗಬಹುದು. ಪೂರ್ತಿ ರದ್ದತಿಗಿಂತ ‘ಇಂತಿಷ್ಟು ಶೇಕಡಾ ಮೀರಿದ್ದು ಹಂಚಿಕೆಗೆ’ ಎಂಬ ಮಿತಿಗೆ ಬೇರೆ ರಾಜ್ಯಗಳ ಬೆಂಬಲ ಸಿಗುವುದು ಸುಲಭ ಎಂಬುದು ನಮ್ಮ ಲೆಕ್ಕ. ಆ ಶೇಕಡಾ ಯಾವುದರದ್ದು ಎಂದು ಬರೆಯಲು ಮರೆಯಬೇಡಿ. ವಸೂಲಿ ವೆಚ್ಚ ಕಳೆದ ‘ನಿವ್ವಳ ಉತ್ಪತ್ತಿ’ಗೆ 279ನೇ ವಿಧಿಯಲ್ಲಿ ಅರ್ಥವಿವರಣೆ ಇದೆ, ಮಹಾಲೇಖಪಾಲರ (ಸಿಎಜಿ) ಪ್ರಮಾಣಪತ್ರವೇ ಅದಕ್ಕೆ ಅಂತಿಮ. ಸಿದ್ಧ ಪದ ಇರುವಾಗ ಹೊಸದನ್ನು ಹುಟ್ಟುಹಾಕಿದರೆ ವ್ಯಾಜ್ಯಕ್ಕೆ ದಾರಿ. ಅಂಕಿಗಳು ಕೇಂದ್ರ ಬಜೆಟ್‌ನ ರಿಸೀಪ್ಟ್ಸ್ ಬಜೆಟ್ ಸಂಪುಟದಲ್ಲಿ ಸಿಗುತ್ತವೆ. ಮಸೂದೆಯ ಜೊತೆಗೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಇರಲೇಬೇಕು. ರಾಜ್ಯಗಳಿಗೆ ಹಣ ಹಂಚುವ ತತ್ವವನ್ನು ಬದಲಿಸುವ ಮಸೂದೆಗೆ 274ನೇ ವಿಧಿ ರಾಷ್ಟ್ರಪತಿಗಳ ಪೂರ್ವ ಶಿಫಾರಸು ಕೇಳುತ್ತದೆ. ಈ ವಿಷಯವನ್ನು ಸದನದ ಸಚಿವಾಲಯದಲ್ಲಿ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಮತಗಳ ಲೆಕ್ಕಕ್ಕೆ 368ನೇ ವಿಧಿ ನೋಡಿ. ಪ್ರತಿ ಸದನದಲ್ಲೂ ಎರಡು ಹರ್ಡಲ್: ಒಟ್ಟು ಸದಸ್ಯಬಲದ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು. 543 ಸದಸ್ಯರ ಲೋಕಸಭೆಯಲ್ಲಿ 390 ಮಂದಿ ಮತ ಹಾಕಿದರೆ ಮೂರನೇ ಎರಡು ಎಂದರೆ 260. ಆದರೂ 272 ಬೇಕೇ ಬೇಕು. 540 ಮಂದಿ ಹಾಕಿದರೆ 360. ಸದನಗಳು ಒಪ್ಪದಿದ್ದರೆ ಜಂಟಿ ಅಧಿವೇಶನದ ದಾರಿಯೂ ಇಲ್ಲ. ಕರ್ನಾಟಕದ 28 ಲೋಕಸಭಾ ಸದಸ್ಯರು, 12 ರಾಜ್ಯಸಭಾ ಸದಸ್ಯರು ಪಕ್ಷ ಮರೆತು ಒಂದಾದರೂ (ಆಸೆಗೇನು!) ಸಾಲುವುದಿಲ್ಲ.

ಅರ್ಧದಷ್ಟು ರಾಜ್ಯಗಳ, ಅಂದರೆ 28ರಲ್ಲಿ 14 ಶಾಸಕಾಂಗಗಳ ಅನುಮೋದನೆ ಎಲ್ಲದಕ್ಕೂ ಬೇಕಿಲ್ಲ. ಕೇಂದ್ರ, ರಾಜ್ಯಗಳ ಅಧಿಕಾರವನ್ನು ಹಂಚುವ ಏಳನೇ ಅನುಸೂಚಿಯ ಪಟ್ಟಿಗಳು ಅಥವಾ 279ಎ ವಿಧಿಗೆ ಕೈ ಹಾಕಿದರೆ ಬೇಕು. 270, 271, 276 ಆ ಸಾಲಿನಲ್ಲಿಲ್ಲ. ಆದ್ದರಿಂದ ಸೆಸ್ ಮಸೂದೆಗೆ ಪಟ್ಟಿಯ ಬದಲಾವಣೆಯನ್ನು ಸುಮ್ಮನೆ ಅಂಟಿಸಬೇಡಿ, ಇಡೀ ಮಸೂದೆ 14 ರಾಜ್ಯಗಳಿಗಾಗಿ ಕಾಯಬೇಕಾಗುತ್ತದೆ. ತಿದ್ದುಪಡಿ ಶುರುವಾಗುವುದು ಸಂಸತ್ತಿನಲ್ಲಿ ಮಾತ್ರ. ವಿಧಾನಸೌಧದಲ್ಲಿ ಮಾಡಿಸುವ ನಿರ್ಣಯಕ್ಕೆ ರಾಜಕೀಯ ತೂಕವಿದೆ, ಕಾನೂನಿನ ಬಲವಿಲ್ಲ.

ಸರ್ಕಾರ ಒಪ್ಪದಿದ್ದರೆ ಉಳಿಯುವುದು ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸಂಸದರು ಮಂಡಿಸುವ, ಮಸೂದೆ. ಲೋಕಸಭೆಯಲ್ಲಿ ಒಂದು ತಿಂಗಳ ನೋಟಿಸ್ ಬೇಕು, ಚರ್ಚೆಗೆ ಸಿಗುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆ. 1970ರ ನಂತರ ಇಂಥ ಒಂದು ಮಸೂದೆಯೂ ಕಾಯ್ದೆಯಾಗಿಲ್ಲ. ಚರ್ಚೆ ದಾಖಲಾಗುವುದೇ ಇದರ ಲಾಭ. ಲೋಕಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿಯಿರುವುದೆಲ್ಲ ಬಿದ್ದುಹೋಗುತ್ತದೆ. ಜಿಎಸ್‌ಟಿಯ ಮೊದಲ ತಿದ್ದುಪಡಿ ಮಸೂದೆ, 2011ರ 115ನೆಯದು, 2014ರಲ್ಲಿ ಹಾಗೆಯೇ ಬಿತ್ತು. ಹೊಸ ಮಸೂದೆ 101ನೇ ತಿದ್ದುಪಡಿಯಾಗಲು 2016ರ ಸೆಪ್ಟೆಂಬರ್ ಬರಬೇಕಾಯಿತು. ರಾಜ್ಯಸಭೆಯಲ್ಲಿ ಮಂಡಿಸಿ ಅಲ್ಲೇ ಬಾಕಿಯಿರುವ ಮಸೂದೆಗೆ ಈ ಭಯವಿಲ್ಲ. ಆದರೆ ಮಂಡಿಸಿದ ಸದಸ್ಯರು ನಿವೃತ್ತರಾದರೆ ಅದೂ ಹೋಗುತ್ತದೆ. ಹಾಗಾಗಿ ಕರಡು ಹಿಡಿದು ಹೋಗುವ ಮುನ್ನ ಅವರ ಆರು ವರ್ಷದ ಅವಧಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳಿ.